ಎಂಟನೇ ಸ್ಥಾನಕ್ಕೆ ಬಂದ ಬೆವ್ ಫ್ರಾನ್ಸಿಸ್

ಇಯರ್‌ಫೋನ್ ಹಾಕ್ಕೊಂಡಿದ್ದೀರಾ ತಾನೇ? ಗೆದ್ದವರ ಕಥೆ ಎಲ್ಲರೂ ಹೇಳ್ತಾರೆ, ನಾನಿವತ್ತು ಎಂಟನೇ ಸ್ಥಾನಕ್ಕೆ ಬಂದವರ ಕಥೆ ಹೇಳ್ತೀನಿ.

1983, ಲಾಸ್ ವೇಗಸ್. ಸೀಸರ್ಸ್ ಪ್ಯಾಲೆಸ್‌ನಲ್ಲಿ ಮಹಿಳೆಯರ ಬಾಡಿಬಿಲ್ಡಿಂಗ್ ಸ್ಪರ್ಧೆ. ಅದನ್ನ ಏರ್ಪಡಿಸಿದ್ದೇ ‘ಪಂಪಿಂಗ್ ಐರನ್ 2: ದಿ ವಿಮೆನ್’ ಅನ್ನೋ ಸಾಕ್ಷ್ಯಚಿತ್ರಕ್ಕಾಗಿ. 1980ರ ಮೊದಲ ಮಿಸ್ ಒಲಿಂಪಿಯಾ ರೇಚಲ್ ಮೆಕ್ಲಿಷ್ ಕೂಡ ಕಣದಲ್ಲಿದ್ರು. ಆದ್ರೆ ಎಲ್ಲರ ಕಣ್ಣೂ ನೆಟ್ಟಿದ್ದು ಆಸ್ಟ್ರೇಲಿಯಾದಿಂದ ಬಂದ ಬೆವ್ ಫ್ರಾನ್ಸಿಸ್ ಮೇಲೆ.

ಬೆವ್ ಹುಟ್ಟಿದ್ದು 1955ರಲ್ಲಿ, ಜೀಲಾಂಗ್ ಊರಲ್ಲಿ. ಮೊದಲು ಶಾಟ್‌ಪುಟ್, ಆಮೇಲೆ ಪವರ್‌ಲಿಫ್ಟಿಂಗ್. ಅದರಲ್ಲಿ ಆರು ಸಲ ವಿಶ್ವ ಚಾಂಪಿಯನ್. ಬೆಂಚ್‌ಪ್ರೆಸ್‌ನಲ್ಲಿ 300 ಪೌಂಡ್, ಅಂದ್ರೆ ಸುಮಾರು 136 ಕೆಜಿ ದಾಟಿದ ಮೊದಲ ಮಹಿಳೆ. ಜಿಮ್‌ಗೆ ಹೋಗೋರಿಗೆ ಗೊತ್ತು, ಬರೀ 60 ಎತ್ತೋಕೇ ಪ್ರಾಣ ಹೋಗುತ್ತೆ! ಅಂಥ ಭಾರ ಎತ್ತಿ ಬೆಳೆದ ಸ್ನಾಯುಗಳವು. ವೇದಿಕೆ ಮೇಲೆ ಅಷ್ಟು ಸ್ನಾಯು ಇದ್ದ ಹೆಂಗಸನ್ನ ತೀರ್ಪುಗಾರರು ನೋಡಿರಲೇ ಇಲ್ಲ.

ಸಿನಿಮಾದಲ್ಲಿ ನನ್ನನ್ನ ಹಿಡಿದಿಟ್ಟಿದ್ದು ಸ್ಪರ್ಧೆಯಲ್ಲ, ತೀರ್ಪುಗಾರರ ಮೀಟಿಂಗ್. ‘ಹೆಣ್ತನ’ ಇರಬೇಕು ಅಂತಾರೆ ಹಿರಿಯರು. ಎಷ್ಟು ಸ್ನಾಯು ಇದ್ರೆ ಹೆಣ್ತನ, ಎಷ್ಟಾದ್ರೆ ಅಲ್ಲ? ಅಳತೆ ಯಾರ ಹತ್ರಾನೂ ಇಲ್ಲ. ಒಬ್ಬ ಯುವ ತೀರ್ಪುಗಾರ ಎದುರು ಮಾತಾಡ್ತಾನೆ: ಸ್ಕೀಯಿಂಗ್ ಮಾಡೋ ಹೆಣ್ಮಕ್ಕಳಿಗೆ ಇಷ್ಟೇ ವೇಗದಲ್ಲಿ ಹೋಗಿ ಅಂತೀವಾ? ಆ ಪ್ರಶ್ನೆಯನ್ನ ನಾನು ಎರಡು ಸಲ ಹಿಂದಕ್ಕೆ ಓಡಿಸಿ ಕೇಳಿದೆ.

ಗೆದ್ದಿದ್ದು ಕಾರ್ಲಾ ಡನ್ಲಪ್. ಅವರೇನೂ ಕಮ್ಮಿಯಲ್ಲ, ಅದೇ ವರ್ಷದ ಮಿಸ್ ಒಲಿಂಪಿಯಾ ಕೂಡ ಅವರೇ. ಬೆವ್ ಎಂಟನೆಯವರು.

ಮುಂದೆ ಬೆವ್ ತೀರ್ಪುಗಾರರಿಗೆ ಒಪ್ಪಿಗೆಯಾಗೋ ಹಾಗೆ ಮೈ ಇಳಿಸಿದ್ರು. ನನಗೆ ಬೇಜಾರಾಗೋದು ಇಲ್ಲೇ. ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ್ದನ್ನ ಕರಗಿಸೋಕೆ ಮತ್ತೆ ಬೆವರು ಸುರಿಸೋದು! ಸ್ಥಾನವೇನೋ ಮೇಲೇರ್ತು. 1990ರ ಮಿಸ್ ಒಲಿಂಪಿಯಾದಲ್ಲಿ ಲೆಂಡಾ ಮರ್ರೆ ಮೊದಲು, ಬೆವ್ ಎರಡನೆಯವರು.

1991ರಲ್ಲಿ ಬೆವ್ ಆ ಲೆಕ್ಕಾಚಾರವನ್ನೆಲ್ಲ ಬಿಟ್ಟು, ಮತ್ತೆ ದೊಡ್ಡ ಮೈಯಲ್ಲೇ ವೇದಿಕೆ ಹತ್ತಿದ್ರು. ಆರಂಭದ ಸುತ್ತುಗಳಲ್ಲಿ ಅವರೇ ಮುಂದಿದ್ರು. ಕೊನೆಗೆ ಮತ್ತೆ ಲೆಂಡಾ ಗೆದ್ರು, ಒಂದೇ ಒಂದು ಪಾಯಿಂಟ್‌ನಿಂದ. ಬೆವ್ ಅಲ್ಲಿಗೆ ಸ್ಪರ್ಧೆ ನಿಲ್ಲಿಸಿದ್ರು.

ಮಿಸ್ ಒಲಿಂಪಿಯಾ ಪಟ್ಟ ಅವರಿಗೆ ಸಿಗಲೇ ಇಲ್ಲ. ನ್ಯೂಯಾರ್ಕ್ ಹತ್ತಿರದ ಸಯಾಸೆಟ್‌ನಲ್ಲಿ ಗಂಡನ ಜೊತೆ ಜಿಮ್ ನಡೆಸಿದ್ರು. ಬಾಡಿಬಿಲ್ಡರ್‌ಗಳು ಅಲ್ಲಿಗೆ ಹುಡುಕ್ಕೊಂಡು ಬರ್ತಾರೆ, ಬಾಗಿಲ ಮೇಲೆ ಬೆವ್ ಹೆಸರೇ ಇದೆ.