ಕಡಲ ಶಿಲೀಂಧ್ರವೂ ಪಾಲಿಥಿನ್ನೂ: ಹುಡುಕಬೇಕಾದ ಜೀನ್ ಯಾವುದು?

ಕಡಲಲ್ಲಿ ತೇಲುವ ಪ್ಲಾಸ್ಟಿಕ್ಕಿನ ಮೇಲೆ ಶಿಲೀಂಧ್ರಗಳು ನೆಲೆಯೂರುತ್ತವೆ ಎಂಬುದರಲ್ಲಿ ಈಗ ತಕರಾರಿಲ್ಲ. ಜಲೇರಿಯನ್ ಮರಿಟಿಮಮ್ ಎಂಬ ಶಿಲೀಂಧ್ರವನ್ನು ಬೆಳೆಸಿದಾಗ ಪಾಲಿಥಿನ್ ಕಣಗಳ ತೂಕ ಇಳಿಯಿತೆಂದು ಪೋರ್ಚುಗಲ್ಲಿನ ಪಾಸೊ ಮತ್ತು ಸಂಗಡಿಗರು 2017ರಲ್ಲೇ ವರದಿ ಮಾಡಿದ್ದರು. ಆದರೆ ಜೀರ್ಣವಾದದ್ದೂ, ಪುಡಿಯಾಗಿ ಕಳೆದುಹೋದದ್ದೂ ತಕ್ಕಡಿಗೆ ಒಂದೇ. ನೆದರ್‌ಲೆಂಡ್ಸಿನ ವಾಕ್ಸ್‌ಮಾ ತಂಡ 2024ರಲ್ಲಿ ಈ ತೊಡಕು ಬಿಡಿಸಿತು. ಕಾರ್ಬನ್-13 ಸೇರಿಸಿ ತಯಾರಿಸಿದ ಪಾಲಿಥಿನ್ನನ್ನು ಪ್ಯಾರೆಂಜಿಯೊಡಾಂಟಿಯಮ್ ಆಲ್ಬಮ್ ಎಂಬ ಶಿಲೀಂಧ್ರಕ್ಕೆ ಉಣಿಸಿ, ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಆ ಭಾರದ ಇಂಗಾಲವನ್ನೇ ಅಳೆದರು. ಪಾಲಿಥಿನ್ ಹೀಗೆ ಕರಗಿದ್ದು ದಿನಕ್ಕೆ ಸುಮಾರು ಶೇ 0.05.

ಇದನ್ನು ಮಾಡಿಸುವ ಜೀನ್ ಯಾವುದು? ನನ್ನ ತಕರಾರು ಇಲ್ಲಿದೆ. ಲಿಗ್ನಿನ್ ಒಡೆಯುವ ಲ್ಯಾಕೇಸ್, ಪೆರಾಕ್ಸಿಡೇಸ್‌ಗಳ ಕಡೆಗೇ ಹೆಚ್ಚಿನವರು ಬೆರಳು ತೋರಿಸುತ್ತಾರೆ. ಈ ಊಹೆ ಬುಡವಿಲ್ಲದ್ದಲ್ಲ. ಕಡಲ ನೆಲೆಯಿಂದ ಹೆಕ್ಕಿದ, ಇಂಥ ಕಿಣ್ವಗಳುಳ್ಳ ಫ್ಲಾವೊಡಾನ್ ಫ್ಲಾವಸ್ ಎಂಬ ಶಿಲೀಂಧ್ರ ಡಿಸ್ಟಿಲರಿಯ ಕಾಕಂಬಿ ತ್ಯಾಜ್ಯದ ಬಣ್ಣ ಇಳಿಸುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿದ್ದ ಚಂದ್ರಲತಾ ರಘುಕುಮಾರ್ ತೋರಿಸಿದ್ದಾರೆ. ಆದರೆ ವಾಕ್ಸ್‌ಮಾ ತಂಡದ ಇನ್ನೊಂದು ಮಾತನ್ನು ಬದಿಗೆ ಸರಿಸುವಂತಿಲ್ಲ: ಮೊದಲು ನೇರಳಾತೀತ ಬೆಳಕು ಬಿದ್ದ ಪಾಲಿಥಿನ್ ಮಾತ್ರ ಕರಗಿತು. ಬೆಳಕು ಉದ್ದನೆಯ ಸರಪಳಿಯನ್ನು ಕತ್ತರಿಸಿ ಆಮ್ಲ, ಕೀಟೋನ್‌ಗಳ ತುಣುಕುಗಳನ್ನು ಉಳಿಸುತ್ತದೆ. ಹಾಗಿದ್ದರೆ ಶಿಲೀಂಧ್ರ ತಿಂದದ್ದು ಬಹುಶಃ ಪ್ಲಾಸ್ಟಿಕ್ಕನ್ನಲ್ಲ, ಬಿಸಿಲು ಅರೆದಿಟ್ಟ ಚೂರುಗಳನ್ನು. ಅಂಥ ಚೂರುಗಳಿಗೆ ಜೀವಕೋಶದೊಳಗಿನ ಸೈಟೊಕ್ರೋಮ್ ಪಿ450 ಮತ್ತು ಕೊಬ್ಬಿನಾಮ್ಲ ಒಡೆಯುವ ಬೀಟಾ-ಆಕ್ಸಿಡೇಶನ್ ಜೀನ್‌ಗಳೇ ಸಾಕು ಎಂದು ನನ್ನ ವಾದ. ಇದು ಈ ಒಂದು ಜೀವಿಗೆ, ಈ ಒಂದು ಪ್ಲಾಸ್ಟಿಕ್ಕಿಗೆ ಸೀಮಿತವಾದ ಮಾತು. ಕೋಶದ ಹೊರಗೆ ಸ್ರವಿಸುವ ಪೆರಾಕ್ಸಿಜಿನೇಸ್‌ಗಳು ಆಲ್ಕೇನ್‌ಗಳಿಗೆ ಆಮ್ಲಜನಕ ಕೂಡಿಸಬಲ್ಲವಾದ್ದರಿಂದ ಮೇಲ್ಮೈಯಲ್ಲೂ ಅಷ್ಟಿಷ್ಟು ಕೆಲಸ ನಡೆದಿರಬಹುದು. ಅದನ್ನು ಅಲ್ಲಗಳೆಯುವ ಪುರಾವೆ ನನ್ನಲ್ಲಿಲ್ಲ.

ಜೀನಿನ ಹೆಸರು ನೋಡಿ ಕಸುಬು ಹೇಳುವುದು ಎಷ್ಟು ಅಪಾಯವೆಂಬುದಕ್ಕೆ ದೂರ ಹೋಗಬೇಕಿಲ್ಲ. ಡಿಎನ್‌ಎ ತೆಗೆಯುವ ಪ್ರಯೋಗಾಲಯಗಳಲ್ಲಿ ನಿತ್ಯ ಬಳಸುವ ಪ್ರೋಟಿನೇಸ್ ಕೆ ಇದೇ ಪ್ಯಾರೆಂಜಿಯೊಡಾಂಟಿಯಮ್ ಆಲ್ಬಮ್ ಶಿಲೀಂಧ್ರದ ಕೊಡುಗೆ, ಟ್ರಿಟಿರೇಕಿಯಮ್ ಆಲ್ಬಮ್ ಎಂಬ ಅದರ ಹಳೆಯ ಹೆಸರಿನ ಕಾಲದ್ದು. ಪ್ರೋಟೀನು ಕತ್ತರಿಸುವುದೆಂದು ಹೆಸರಾದ ಈ ಕಿಣ್ವ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ಕನ್ನೂ ಕತ್ತರಿಸುತ್ತದೆ. ಅಲ್ಲಿ ಎಸ್ಟರ್ ಬಂಧಗಳಿವೆ. ಪಾಲಿಥಿನ್‌ನ ಬೆನ್ನೆಲುಬಿನಲ್ಲಿ ಇಂಗಾಲ-ಇಂಗಾಲದ ಬಂಧವಲ್ಲದೆ ಬೇರೇನೂ ಇಲ್ಲ.

ಪಿ450 ಜೀನ್ ತೆಗೆದ ತಳಿಗೂ ಲ್ಯಾಕೇಸ್ ತೆಗೆದ ತಳಿಗೂ ಅದೇ ಕಾರ್ಬನ್-13 ಪಾಲಿಥಿನ್ ಉಣಿಸಿ ನೋಡಿದರೆ ವಿವಾದ ಬಗೆಹರಿದೀತು. ಅಲ್ಲಿಯವರೆಗೆ, ಜೀನೋಮ್ ದತ್ತಕೋಶಗಳಲ್ಲಿ ‘ಪಾಲಿಥಿನ್ ವಿಘಟಕ’ ಎಂದು ಹಣೆಪಟ್ಟಿ ಹಚ್ಚುವವರು ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಇಡಲಿ.