ಗರ್ಭಾವಸ್ಥೆಯ ಹಾರ್ಮೋನುಗಳು: ಸಂಶೋಧನೆಯ ಇತಿಹಾಸ

ಗರ್ಭ ಕಟ್ಟಿ ನಿಲ್ಲುವುದು, ಶಿಶು ಬೆಳೆಯುವುದು, ಹೆರಿಗೆ, ಎದೆಹಾಲು ಇವೆಲ್ಲವನ್ನೂ ನಡೆಸುವ ಸ್ರಾವಗಳಲ್ಲಿ ಪ್ರೊಜೆಸ್ಟೆರಾನ್, ಈಸ್ಟ್ರೋಜನ್, ಎಚ್‌ಸಿಜಿ, ಮಾಸಿನ ಲ್ಯಾಕ್ಟೋಜನ್, ಥೈರಾಕ್ಸಿನ್, ಆಕ್ಸಿಟೋಸಿನ್ ಮುಖ್ಯವಾದವು. ಇವುಗಳ ತಿಳಿವಳಿಕೆ 20ನೆಯ ಶತಮಾನದ್ದು. ಅದರಲ್ಲಿ ಕರ್ನಾಟಕದ ಪಾಲೂ ಇದೆ. ಕನ್ನಡದಲ್ಲಿ ಅದರ ಪ್ರಸ್ತಾಪ ಮಾತ್ರ ತೀರ ಕಡಿಮೆ.

ಅಂಡಾಶಯದ ಪೀತಪಿಂಡವನ್ನು ತೆಗೆದರೆ ಮೊಲದ ಗರ್ಭ ನಿಲ್ಲುವುದಿಲ್ಲವೆಂದು ಜರ್ಮನಿಯ ಲುಡ್ವಿಗ್ ಫ್ರೆಂಕೆಲ್ 1903ರಲ್ಲಿ ತೋರಿಸಿದರು. ಆ ಪಿಂಡದ ಸ್ರಾವವಾದ ಪ್ರೊಜೆಸ್ಟೆರಾನ್ ಶುದ್ಧರೂಪದಲ್ಲಿ ದೊರೆತದ್ದು 1934ರಲ್ಲಿ. ಈ ನಡುವೆ ಬರ್ಲಿನ್ನಿನ ಆಷ್‌ಹೈಮ್ ಮತ್ತು ಜೋಂಡೆಕ್ ಬಸುರಿಯ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚಿ, ಮೂತ್ರದಲ್ಲಿನ ಎಚ್‌ಸಿಜಿ ಅವುಗಳ ಅಂಡಾಶಯದಲ್ಲಿ ತರುವ ಬದಲಾವಣೆಯಿಂದ ಬಸಿರನ್ನು ಗುರುತಿಸಿದರು. ಇಂದು ಮಾಲೂರು ತಾಲ್ಲೂಕಿನ ಮಾಸ್ತಿಯಂಥ ಹೋಬಳಿಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಬಸಿರು ಪರೀಕ್ಷೆಯ ‘ನಿಶ್ಚಯ್’ ಪಟ್ಟಿ ಹುಡುಕುವುದೂ ಅದೇ ಎಚ್‌ಸಿಜಿಯನ್ನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು 1960ರ ದಶಕದಿಂದ, ಪೀತಪಿಂಡವನ್ನು ದುಡಿಸುವುದು ಯಾವುದೆಂಬ ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಹಿಡಿದರು. ಪಿಟ್ಯುಟರಿ ಗ್ರಂಥಿಯನ್ನು ಕತ್ತರಿಸಿ ತೆಗೆದರೆ ಹಲವು ಹಾರ್ಮೋನುಗಳು ಒಟ್ಟಿಗೇ ಇಲ್ಲವಾಗುತ್ತವೆ. ಯಾವುದರ ಕೊರತೆಯಿಂದ ಏನಾಯಿತೆಂದು ಹೇಳಲಾಗದು. ಅವರು ಗ್ರಂಥಿಯನ್ನು ಮುಟ್ಟದೆ, ಪಿಟ್ಯುಟರಿಯ ಎಲ್‌ಎಚ್ ಹಾರ್ಮೋನೊಂದನ್ನೇ ಪ್ರತಿಕಾಯದಿಂದ ತಡೆದರು. ಬಸಿರಿನ ಒಂದು ಹಂತದಲ್ಲಿ ಹೀಗೆ ಮಾಡಿದಾಗ ಇಲಿಗಳ ಗರ್ಭ ಹೋಯಿತು. ಜೊತೆಗೆ ಪ್ರೊಜೆಸ್ಟೆರಾನ್ ಕೊಟ್ಟಾಗ ಉಳಿಯಿತು. ಪೀತಪಿಂಡವನ್ನು ದುಡಿಸುವುದು ಎಲ್‌ಎಚ್ ಎಂಬುದು ಅಲ್ಲಿಗೆ ಖಚಿತವಾಯಿತು. ಮೌದ್ಗಲ್ ಅವರಿಗೆ 1976ರಲ್ಲಿ ಭಟ್ನಾಗರ್ ಪ್ರಶಸ್ತಿ ಸಂದಿತು. ಅದೇ ಸಂಸ್ಥೆಯ ಪೆರ್ಡೂರು ರಾಧಾಕಾಂತ ಅಡಿಗರು (1935–2006) ಈಸ್ಟ್ರೋಜನ್ನಿನ ಪ್ರೇರಣೆಯಿಂದ ಹುಟ್ಟುವ, ಬಿ2 ಜೀವಸತ್ವವನ್ನು ಹೊತ್ತೊಯ್ಯುವ ಪ್ರೋಟೀನಿನ ಬೆನ್ನುಹತ್ತಿದರು. ಕೋಳಿಮೊಟ್ಟೆಯಿಂದ ಪರಿಚಿತವಾಗಿದ್ದ ಅದು ಬಸಿರಾದ ಇಲಿಯಲ್ಲೂ ಇದೆ, ಅದನ್ನು ತಡೆದರೆ ಗರ್ಭ ಉಳಿಯದು ಎಂದು ಅವರ ತಂಡ 1982ರಲ್ಲಿ ಪ್ರಕಟಿಸಿತು. 

ಹಾರ್ಮೋನನ್ನು ಔಷಧವಾಗಿ ಕೊಡುವ ಆತುರ ಅನಾಹುತಕ್ಕೂ ದಾರಿಮಾಡಿತು. ಗರ್ಭಪಾತ ತಡೆಯಲೆಂದು ಪಶ್ಚಿಮದಲ್ಲಿ ಕೊಡುತ್ತಿದ್ದ ಕೃತಕ ಈಸ್ಟ್ರೋಜನ್ ಡಿಇಎಸ್ ನಿರುಪಯೋಗಿಯೆಂದು 1953ರಲ್ಲೇ ಷಿಕಾಗೋದ ಪರೀಕ್ಷೆ ತೋರಿಸಿತ್ತು. ಬಳಕೆ ಆದರೂ ಮುಂದುವರಿಯಿತು. ಅದನ್ನು ನುಂಗಿದ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿಯ ಕ್ಯಾನ್ಸರ್ ಕಂಡದ್ದು 1971ರಲ್ಲಿ.

ಮಾಸಿನ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಬಲವನ್ನು ತಗ್ಗಿಸಿ ಶಿಶುವಿಗೆ ಸಕ್ಕರೆ ಒದಗುವಂತೆ ಮಾಡುತ್ತವೆ. ಇದು ಸಹಜ. ತಾಯಿಯ ಇನ್ಸುಲಿನ್ ಸಾಲದೆ ಹೋದರೆ ಬಸಿರಿನ ಸಕ್ಕರೆ ಕಾಯಿಲೆ ಬರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರ ಪೈಕಿ ಸುಮಾರು ಶೇ. 6 ಮಂದಿಗೆ ಅದಿತ್ತು. ಜಿ. ವಿ. ಕೃಷ್ಣವೇಣಿ ಮತ್ತಿತರರು ಆ ಗರ್ಭಿಣಿಯರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚೆಂದು ದಾಖಲಿಸಿದರು.

ಇನ್ನು ಹೆರಿಗೆಯ ಹಾರ್ಮೋನು. ಪಿಟ್ಯುಟರಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆಂದು ಹೆನ್ರಿ ಡೇಲ್ 1906ರಲ್ಲಿ ಕಂಡರು. ಅದರಲ್ಲಿನ ಆಕ್ಸಿಟೋಸಿನ್ನನ್ನು ಡು ವಿನ್ಯೋ 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಮಗು ಹುಟ್ಟಿದ ಕೂಡಲೇ ಕೊಡುವ ಆಕ್ಸಿಟೋಸಿನ್ನಿನ 10 ಯೂನಿಟ್ಟಿನ ಚುಚ್ಚುಮದ್ದು ಬಾಣಂತಿಯ ಅತಿಸ್ರಾವವನ್ನು ತಡೆಯುತ್ತದೆ. ಹಸುಗಳ ಹಾಲು ಇಳಿಸಲು ಇದರ ದುರ್ಬಳಕೆಯಾಗುತ್ತಿದೆಯೆಂದು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ದೇಶದ ಬಳಕೆಗೆ ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್‌ಗೆ ಮಾತ್ರ ವಹಿಸಿತು. ಇಡೀ ದೇಶದ ಹೆರಿಗೆ ಕೋಣೆಗಳು ಒಂದೇ ಕಾರ್ಖಾನೆಯನ್ನು ನೆಚ್ಚಿಕೊಳ್ಳುವುದು ತಾಯಂದಿರ ಜೀವಕ್ಕೆ ಅಪಾಯಕರವಾಗಿತ್ತು. ದೆಹಲಿ ಹೈಕೋರ್ಟ್ ಅದೇ ವರ್ಷದ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು.