ಓವಲ್ ವಿಜಯದ ಕನ್ನಡಿಗರು: ಹೋದವರು ನಾಲ್ವರು, ಟೆಸ್ಟ್ ಆಡಿದವರು ಇಬ್ಬರು

ಅಜಿತ್ ವಾಡೇಕರ್ ನಾಯಕತ್ವದ ಭಾರತ ಕ್ರಿಕೆಟ್ ತಂಡ ಇಂಗ್ಲೆಂಡಿನ ನೆಲದಲ್ಲಿ ಮೊಟ್ಟಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದದ್ದು 1971ರಲ್ಲಿ. ಅದಕ್ಕೂ ಮುನ್ನ, 1932ರಿಂದ ಅಲ್ಲಿ ಆಡಿದ್ದ 19 ಟೆಸ್ಟ್‌ಗಳಲ್ಲಿ 15ರಲ್ಲಿ ಸೋಲು, ನಾಲ್ಕರಲ್ಲಿ ಡ್ರಾ. ಗೆಲುವು ಒಂದೂ ಇರಲಿಲ್ಲ. ಈ ಪ್ರವಾಸಕ್ಕೆ ಅಂದಿನ ಮೈಸೂರು ರಾಜ್ಯದಿಂದ ಆಯ್ಕೆಯಾದವರು ಎರಪಳ್ಳಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್, ಜಿ.ಆರ್. ವಿಶ್ವನಾಥ್ ಮತ್ತು ಸೈಯದ್ ಕಿರ್ಮಾನಿ.

ಇವರಲ್ಲಿ ಮಲೆನಾಡಿನ ಸೆರಗಿನವರು ವಿಶ್ವನಾಥ್. ನರಸಿಂಹರಾಜಪುರ ತಾಲ್ಲೂಕನ್ನು ಹಾದು ಬರುವ ಭದ್ರಾ ನದಿಯ ದಡದಲ್ಲಿ, ಮುಂದೆ ಸಿಗುವ ಉಕ್ಕಿನ ಪಟ್ಟಣ ಭದ್ರಾವತಿಯಲ್ಲಿ 1949ರಲ್ಲಿ ಅವರ ಜನನ. ಲಾರ್ಡ್ಸ್‌ನ ಮೊದಲ ಟೆಸ್ಟ್‌ನಲ್ಲಿ ಅವರು 68 ರನ್ ಗಳಿಸಿದರು. ಮಳೆಯ ಕಾಟದಿಂದ ಆ ಪಂದ್ಯವೂ ಮ್ಯಾಂಚೆಸ್ಟರ್ ಪಂದ್ಯವೂ ಡ್ರಾ ಆದವು.

ಚಂದ್ರಶೇಖರ್ ಅವರ ಆಯ್ಕೆಯೇ ಅಚ್ಚರಿ. 1967-68ರ ಆಸ್ಟ್ರೇಲಿಯಾ ಪ್ರವಾಸದ ನಂತರ ಅವರು ಟೆಸ್ಟ್ ಆಡಿರಲಿಲ್ಲ. ಅದೇ ವರ್ಷದ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಅವರನ್ನು ಕರೆದಿರಲಿಲ್ಲ. ಬಾಲ್ಯದಲ್ಲಿ ಪೋಲಿಯೋದಿಂದ ಬಡಕಲಾದ ಬಲಗೈಯಲ್ಲೇ ಬೌಲಿಂಗ್ ಮಾಡುತ್ತಿದ್ದ ಅವರು ಚೆಂಡನ್ನು ಎಸೆಯಲು ಎಡಗೈ ಬಳಸುತ್ತಿದ್ದರು.

ಓವಲ್‌ನ ಮೂರನೇ ಟೆಸ್ಟ್‌ನಲ್ಲಿ ಇಂಗ್ಲೆಂಡ್ 355, ಭಾರತ 284. ಸತತ 26 ಟೆಸ್ಟ್‌ಗಳಲ್ಲಿ ಸೋಲರಿಯದ ತಂಡಕ್ಕೆ 71 ರನ್‌ಗಳ ಮುನ್ನಡೆ ದೊರೆತಾಗ ಭಾರತದ ಕೈಯಲ್ಲಿ ಹೆಚ್ಚೇನೂ ಉಳಿದಂತಿರಲಿಲ್ಲ. ಅಲ್ಲಿಂದ ಚಂದ್ರಶೇಖರ್ ಆಟದ ದಿಕ್ಕನ್ನೇ ತಿರುಗಿಸಿದರು. ಲಕ್‌ಹರ್ಸ್ಟ್ ನೇರವಾಗಿ ಬಾರಿಸಿದ ಚೆಂಡು ಚಂದ್ರಶೇಖರ್ ಕೈ ಸೋಕಿ ವಿಕೆಟ್‌ಗೆ ಬಡಿದು, ಇನ್ನೊಂದು ತುದಿಯಲ್ಲಿದ್ದ ಜೇಮ್ಸನ್ ರನೌಟ್ ಆದರು. ನಂತರ ಎಡ್ರಿಚ್ ಬೌಲ್ಡ್. ಮರು ಎಸೆತದಲ್ಲೇ ಫ್ಲೆಚರ್, ಸೋಲ್ಕರ್‌ಗೆ ಕ್ಯಾಚ್. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಚಂದ್ರಶೇಖರ್ ಗಳಿಕೆ 38 ರನ್ನಿಗೆ ಆರು ವಿಕೆಟ್.

ಗೆಲುವಿಗೆ 173 ರನ್ ಬೇಕಿತ್ತು. ವಿಶ್ವನಾಥ್ 33 ರನ್ ಗಳಿಸಿ, ಇನ್ನು ಮೂರೇ ರನ್ ಬಾಕಿ ಇರುವಾಗ ಔಟಾದರು. ಗುರಿ ಮುಟ್ಟಿಸುವ ಬೌಂಡರಿ ಹೈದರಾಬಾದಿನ ಅಬೀದ್ ಅಲಿ ಅವರ ಪಾಲಾಯಿತು. ಅಂದು ಆಗಸ್ಟ್ 24, ಗಣೇಶ ಚತುರ್ಥಿ. 1972ರಲ್ಲಿ ವಿಸ್ಡನ್ ಪ್ರಕಟಿಸಿದ ವರ್ಷದ ಐವರು ಕ್ರಿಕೆಟಿಗರ ಪಟ್ಟಿಯಲ್ಲಿ ಚಂದ್ರಶೇಖರ್ ಹೆಸರಿತ್ತು.

ಉಳಿದಿಬ್ಬರ ಕಥೆ ಬೇರೆ. ಪ್ರಸನ್ನ ದೇಶದ ಶ್ರೇಷ್ಠ ಆಫ್ ಸ್ಪಿನ್ನರ್‌ಗಳಲ್ಲಿ ಒಬ್ಬರೆನಿಸಿದ್ದರೂ ಉಪನಾಯಕ ವೆಂಕಟರಾಘವನ್ ಅದೇ ಬಗೆಯ ಬೌಲರ್ ಆಗಿದ್ದರು. ಹೀಗಾಗಿ ಮೂರೂ ಟೆಸ್ಟ್‌ಗಳಲ್ಲಿ ಪ್ರಸನ್ನರಿಗೆ ಸ್ಥಾನ ಸಿಗಲಿಲ್ಲ. ವೆಂಕಟರಾಘವನ್ ಉತ್ತಮವಾಗಿಯೇ ಆಡಿದರೆಂಬುದು ನಿಜವಾದರೂ, ಪ್ರಸನ್ನರಂಥವರು ಸರಣಿಯುದ್ದಕ್ಕೂ ಪೆವಿಲಿಯನ್‌ನಲ್ಲಿ ಕೂರಬೇಕಾದದ್ದು ವಿಷಾದಕರವೇ. ಫಾರೂಕ್ ಇಂಜಿನಿಯರ್ ಇದ್ದುದರಿಂದ ಯುವ ವಿಕೆಟ್ ಕೀಪರ್ ಕಿರ್ಮಾನಿ ಕಾಯಬೇಕಾಯಿತು.

1973-74ರಲ್ಲಿ ಪ್ರಸನ್ನ ನಾಯಕತ್ವದಲ್ಲಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. 1976ರ ಜನವರಿಯಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಕಿರ್ಮಾನಿ ಟೆಸ್ಟ್ ರಂಗಕ್ಕೆ ಪಾದಾರ್ಪಣೆ ಮಾಡಿದಾಗ ನಾಲ್ವರೂ ಒಂದೇ ತಂಡದಲ್ಲಿದ್ದರು. ಆ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತರೆ, ಎರಡನೆಯದರಲ್ಲಿ ಪ್ರಸನ್ನ 76 ರನ್ನಿಗೆ ಎಂಟು ವಿಕೆಟ್ ಪಡೆದರು. ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು.